ನರ್ಸಮ್ಮನ ನಲವತ್ತು ಕಡ್ಡಿಯ ಚಕ್ರ

ದಂಡಿನಶಿವರದ ಸುತ್ತಮುತ್ತ ಯಾರಿಗಾದರೂ ಹೆರಿಗೆ ನೋವು ಕಾಣಿಸಿಕೊಂಡರೆ ಜನ ಮೊದಲು ಕೇಳುತ್ತಿದ್ದ ಮಾತು ಒಂದೇ: "ನರ್ಸಮ್ಮ ಎಲ್ಲವ್ರೆ?"

ನರ್ಸಮ್ಮ ಎಂದರೆ ಸರ್ವಮಂಗಳ. ವಯಸ್ಸು ಐವತ್ತೆರಡು. ದುಂಡು ಮೈ, ದೊಡ್ಡ ದನಿ. ಏಳು ಹಳ್ಳಿಗಳ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ. ಬಸ್ಸು ಟಾರು ರಸ್ತೆಗೆ ಮಾತ್ರ ಬರುತ್ತಿತ್ತು. ತೆಂಗಿನ ತೋಟಗಳ ನಡುವಿನ ಗಾಡಿಜಾಡಿನಲ್ಲಿ ನಡೆದು ನಡೆದು ಸಾಕಾಗಿ, ಅವರು ನಲವತ್ತೆಂಟನೇ ವಯಸ್ಸಿನಲ್ಲಿ ಸೈಕಲ್ ಕಲಿತರು. ಬಿದ್ದರು, ಮೊಣಕೈ ತರಚಿಕೊಂಡರು, ಸೀರೆ ಕೊಡವಿಕೊಂಡು ಮತ್ತೆ ಹತ್ತಿದರು. ನೋಡಿ ನಕ್ಕವರ ಮನೆಯ ಹೆರಿಗೆಗೂ ಅದೇ ಸೈಕಲ್ಲಿನಲ್ಲಿ ಹೋದರು.

ಆ ಸೈಕಲ್ ಅವರ ಅಣ್ಣನ ಮನೆಯಿಂದ ಬಂದದ್ದು. ಕೆಂಪು ಬಣ್ಣ, ಸಪೂರ ಟೈರು, ತೆಳು ರಿಮ್ಮು. ನೋಡುವುದಕ್ಕೆ ಬಲು ಚೆಂದ.

೧೯೮೩ರ ಶ್ರಾವಣದ ಒಂದು ಮಧ್ಯಾಹ್ನ ಹಟ್ಟಿಯ ಮರಿಯಮ್ಮನಿಗೆ ನೋವು ಶುರುವಾಗಿದೆ ಎಂದು ಕರೆ ಬಂತು. ಸರ್ವಮಂಗಳ ಹೊರಟರು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಒಂದು ಗುಂಡಿಗೆ ಇಳಿಯಿತು. ಟಣ್ ಟಣ್ ಎಂದು ಮೂರು ಕಡ್ಡಿ ಮುರಿದವು. ಚಕ್ರ ಬೆಂಡಾಗಿ ಹಪ್ಪಳದಂತೆ ಸೊಟ್ಟಗಾಯಿತು. ಸೈಕಲ್ಲನ್ನು ಬೇಲಿಗೆ ಒರಗಿಸಿ, ಹೆರಿಗೆ ಚೀಲ ಹೆಗಲಿಗೆ ಹಾಕಿಕೊಂಡು, ಅವರು ಉಳಿದ ದಾರಿಯನ್ನು ಅರ್ಧ ಓಡಿ ಅರ್ಧ ನಡೆದು ಮುಗಿಸಿದರು.

ಅವರು ತಲುಪುವಷ್ಟರಲ್ಲಿ ಮಗು ಹುಟ್ಟಿತ್ತು. ಆದರೆ ತಾಯಿಗೆ ರಕ್ತ ನಿಂತಿರಲಿಲ್ಲ. ಸರ್ವಮಂಗಳ ಸೂಜಿ ಚುಚ್ಚಿ, ಹೊಟ್ಟೆ ನೀವಿ, ಹೇಗೋ ರಕ್ತ ನಿಲ್ಲಿಸಿದರು. ಮರಿಯಮ್ಮನ ತಾಯಿ ಕೆಂಪಕ್ಕ ಅವರ ಕೈ ಹಿಡಿದುಕೊಂಡು ಅತ್ತಳು.

"ಇನ್ನೊಂದು ಗಳಿಗೆ ತಡ ಆಗಿದ್ರೆ ನನ್ ಮಗಳು ಉಳೀತಿರ್ಲಿಲ್ಲ ಕಣವ್ವ."

ಕೆಂಪಕ್ಕ ಹೇಳಿದ್ದು ಕೃತಜ್ಞತೆಯಿಂದ. ಸರ್ವಮಂಗಳರ ಎದೆಗೆ ಮಾತ್ರ ಅದು ಮುಳ್ಳಿನಂತೆ ನಾಟಿತು.

ಮನೆಯಲ್ಲಿ ಗಂಡ ರೇವಣಸಿದ್ದಯ್ಯ ಕಾಯುತ್ತಿದ್ದರು. ಅವರದು ಕೊಬ್ಬರಿ ವ್ಯಾಪಾರ. ಹೆಂಡತಿಯ ಮೇಲೆ ಪ್ರೀತಿ ಇತ್ತು, ಭಯವೂ ಇತ್ತು.

"ಸಾಕು ಬುಡು ಕಣೇ," ಎಂದರು. "ಈ ವಯಸ್ಸಲ್ಲಿ, ಈ ಮೈಯಲ್ಲಿ ಸೈಕಲ್ಲು ಯಾಕೆ? ಇವತ್ತು ಚಕ್ರ ಮುರೀತು. ನಾಳೆ ನಿನ್ ಸೊಂಟ ಮುರಿದ್ರೆ?"

"ನಡ್ಕೊಂಡೇ ಹೋಗ್ಲಾ? ಇವತ್ತು ನಡ್ಕೊಂಡು ಹೋಗಿದ್ದಕ್ಕೇ ಒಂದು ಜೀವ ಹೋಗೋದ್ರಲ್ಲಿತ್ತು ಕಣ್ರೀ."

ಮರುದಿನ ಬೆಳಿಗ್ಗೆ ಸರ್ವಮಂಗಳ ಸೈಕಲ್ಲಿನ ಮುರಿದ ಚಕ್ರ ಬಿಚ್ಚಿಸಿ ಬಸ್ಸಿಗೆ ಹಾಕಿಕೊಂಡು ತುರುವೇಕೆರೆಗೆ ಹೊರಟಾಗ, ರೇವಣಸಿದ್ದಯ್ಯನವರೂ ಹತ್ತಿದರು.

ತುರುವೇಕೆರೆಯ ಮಾಯಣ್ಣ ಮೂವತ್ತು ವರ್ಷದಿಂದ ಸೈಕಲ್ ಅಂಗಡಿ ಇಟ್ಟವನು. ಚಕ್ರವನ್ನು ತಿರುಗಿಸಿ ನೋಡಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಲ್ಲಿ ಮೀಟಿದ.

"ನರ್ಸಮ್ನೋರೆ, ತಪ್ಪು ತಿಳ್ಕೋಬೇಡಿ. ನಿಮ್ ತೂಕ ಎಷ್ಟು?"

ರೇವಣಸಿದ್ದಯ್ಯ ಮುಖ ಆಚೆ ತಿರುಗಿಸಿದರು. ಸರ್ವಮಂಗಳ ಮುಚ್ಚಿಡಲಿಲ್ಲ. "ಎಂಬತ್ತಾರು ಕೆಜಿ ಕಣಪ್ಪ. ಜೊತೆಗೆ ಚೀಲ ಒಂದು ಐದು ಕೆಜಿ."

"ಹಿಂಗೆ ಹೇಳ್ಬೇಕು ನೋಡಿ! ಎಷ್ಟೋ ಜನ ಇಲ್ಲೇ ಸುಳ್ಳು ಹೇಳಿ ದಾರೀಲಿ ಬೀಳ್ತಾರೆ. ಕ್ವಿಂಟಾಲ್ ಕಾಯಿ ಹೇರ್ಕೊಂಡು ತಿಪಟೂರಿಗೆ ಹೋಗೋ ಸೈಕಲ್ಲುಗಳಿಗೂ ನಾನೇ ಚಕ್ರ ಕಟ್ಟೋದು. ಅವೇನು ಮುರೀತಾವಾ? ತಪ್ಪು ನಿಮ್ಮ ಮೈದಲ್ಲ ಕಣಮ್ಮ, ಈ ಚಕ್ರದ್ದು."

"ವಯಸ್ಸು?" ಎಂದು ರೇವಣಸಿದ್ದಯ್ಯ ತಡೆದರು. "ವಯಸ್ಸಿಗೇನು ಮಾಡ್ತೀಯಪ್ಪ?"

"ಅದಕ್ಕೂ ದಾರಿ ಐತೆ, ಕುಂತ್ಕಳಿ ಯಜಮಾನ್ರೇ."

ಮಾಯಣ್ಣ ಗೋಡೆ ಬದಿಯಿಂದ ಒಂದು ಕಪ್ಪು ಲೇಡೀಸ್ ಸೈಕಲ್ ಎಳೆದು ತಂದ. ಮೇಲಿನ ಅಡ್ಡಪೈಪು ಇಲ್ಲ. ಸೀರೆ ಉಟ್ಟವರು ಕಾಲು ಎತ್ತದೆ ಹತ್ತಬಹುದು, ಗಾಬರಿಯಾದರೆ ತಟ್ಟನೆ ಇಳಿಯಬಹುದು. ಅದರ ಬದಲು ಕೆಳಗೆ ಜೋಡಿ ಪೈಪು.

"ಒಂದೇ ಪೈಪಿಂದು ತಗೋಬೇಡಿ, ತೂಕಕ್ಕೆ ಅಲ್ಲಾಡ್ತದೆ. ಈಗ ಚಕ್ರದ ವಿಷ್ಯ. ಸೀಟಲ್ಲಿ ಕೂತ್ರೆ ಭಾರ ಎಲ್ಲಾ ಹೆಚ್ಚಾಗಿ ಹಿಂದಿನ ಚಕ್ರಕ್ಕೇ. ಅದಕ್ಕೆ ನಲವತ್ತು ಕಡ್ಡಿ ಬೇಕು, ಅದೂ ದಪ್ಪ ಕಡ್ಡಿ. ನಿಮ್ ಕೆಂಪು ಸೈಕಲ್ಲಿಗೆ ಇದ್ದಿದ್ದು ಮೂವತ್ತೆರಡು. ಅದ್ರಲ್ಲೂ ಅರ್ಧ ಸಡಿಲ. ರಿಮ್ಮು ಗಟ್ಟಿ ಉಕ್ಕಿಂದು, ಟೈರು ಅಗಲ ಇರ್ಬೇಕು."

"ಮಂಡಿ ನೋವು ಅಂತಾಳಲ್ಲ?" ಎಂದರು ರೇವಣಸಿದ್ದಯ್ಯ.

"ಸೀಟು ಬಲು ತಗ್ಗಾದ್ರೆ ಮಂಡಿ ನೋಯ್ತದೆ. ಪೆಡಲ್ ಕೆಳಕ್ಕೆ ಹೋದಾಗ ಮೊಣಕಾಲು ಒಂಚೂರು ಬಗ್ಗಿರ್ಬೇಕು, ಅಷ್ಟೆ. ಸೀಟಲ್ಲಿ ಕೂತೇ ಸೈಕಲ್ ನಿಲ್ಸಿದಾಗ ಕಾಲಿನ ತುದಿ ನೆಲಕ್ಕೆ ತಾಗ್ಬೇಕು. ಸೀಟು ಅಗಲವಾಗಿ, ಸ್ಪ್ರಿಂಗ್ ಇರೋದು."

ಸರ್ವಮಂಗಳ ಆ ಕಪ್ಪು ಸೈಕಲ್ಲನ್ನೇ ಕೊಂಡರು. ಮಾಯಣ್ಣ ಅವರ ಎದುರಿಗೇ ಅದಕ್ಕೆ ನಲವತ್ತು ಕಡ್ಡಿಯ ಚಕ್ರ ಕಟ್ಟಿದ. ಕಡ್ಡಿಗಳನ್ನು ಮೀಟಿ ಸರ್ವಮಂಗಳರಿಗೆ ಕೇಳಿಸಿದ. ಎಲ್ಲದರ ನಾದವೂ ಹತ್ತಿರ ಹತ್ತಿರ ಒಂದೇ, ಎಂದರೆ ಎಲ್ಲವೂ ಸಮ ಬಿಗಿ.

"ಎಂಟು ದಿನ ಓಡಿಸಿ, ಮತ್ತೆ ತನ್ನಿ. ಹೊಸ ಕಡ್ಡಿ ಸಡಿಲ ಆಗ್ತವೆ, ಬಿಗಿ ಮಾಡ್ಕೊಡ್ತೀನಿ. ದೊಡ್ಡ ಗುಂಡಿ ಬಂದ್ರೆ ಇಳಿದು ತಳ್ಳಿ. ನಾಚಿಕೆ ಪಡ್ಬೇಡಿ."

ಎಂಟನೇ ದಿನ ಸರ್ವಮಂಗಳ ತಪ್ಪದೆ ಹೋಗಿ ಕಡ್ಡಿ ಬಿಗಿ ಮಾಡಿಸಿಕೊಂಡು ಬಂದರು. ಆದರೂ ರೇವಣಸಿದ್ದಯ್ಯನವರ ಅಂಜಿಕೆ ಪೂರ್ತಿ ಹೋಗಿರಲಿಲ್ಲ.

ದಸರೆ ಮುಗಿದ ವಾರ, ಬೆಳಿಗ್ಗೆಯೇ ದೊಡ್ಡಣ್ಣ ಎಂಬ ರೈತ ಏದುಸಿರು ಬಿಡುತ್ತಾ ಬಂದ. ಅವನ ಹೆಂಡತಿ ಲಕ್ಷ್ಮಿದೇವಮ್ಮನಿಗೆ ಚೊಚ್ಚಲ ಹೆರಿಗೆ. ಮನೆ ಗುಡ್ಡದ ಆಚೆ.

"ನೀನು ಹಿಂದ್ಗಡೆ ಬಾರಪ್ಪ, ನಾನು ಹೋಗಿರ್ತೀನಿ," ಎಂದು ಸರ್ವಮಂಗಳ ಸೈಕಲ್ ಹತ್ತಿದರು.

ರೇವಣಸಿದ್ದಯ್ಯನವರಿಗೆ ಮನಸ್ಸು ತಡೆಯಲಿಲ್ಲ. ಪಕ್ಕದ ಮನೆಯ ಎತ್ತಿನಗಾಡಿ ಕಟ್ಟಿಸಿ, ದೊಡ್ಡಣ್ಣನನ್ನೂ ಕೂರಿಸಿಕೊಂಡು ಹಿಂದೆಯೇ ಹೊರಟರು. ದಾರಿಯುದ್ದಕ್ಕೂ ಬೇಲಿ ಬದಿ, ಹಳ್ಳದ ಬದಿ ಹುಡುಕುತ್ತಾ ಬಂದರು. ಎಲ್ಲೂ ಮುರಿದ ಸೈಕಲ್ ಕಾಣಲಿಲ್ಲ. ಮಣ್ಣಿನ ಮೇಲೆ ಅಗಲ ಟೈರಿನ ಗುರುತು ಮಾತ್ರ ನೇರವಾಗಿ ಮುಂದೆ ಹೋಗಿತ್ತು.

ಗಾಡಿ ತಲುಪಿದಾಗ ಒಳಗಿನಿಂದ ಮಗುವಿನ ಅಳು ಕೇಳಿತು. ಸರ್ವಮಂಗಳ ಕೈ ತೊಳೆದುಕೊಂಡು ಹೊರಗೆ ಬಂದರು. ಮುಖದ ತುಂಬ ಬೆವರು, ಬೆವರಿನ ತುಂಬ ಸಂತೋಷ.

"ಕರುಳಬಳ್ಳಿ ಕತ್ತಿಗೆ ಸುತ್ಕೊಂಡಿತ್ತು. ಮೈಯೆಲ್ಲ ನೀಲಿ. ಬಿಡಿಸಿ, ಬೆನ್ನು ಉಜ್ಜಿದೆ, ಅತ್ತುಬುಡ್ತು. ಹೆಣ್ಮಗು ಕಣೋ ದೊಡ್ಡಣ್ಣ."

ದೊಡ್ಡಣ್ಣ ಅವರಿಗೆ ಕೈ ಮುಗಿದ. ರೇವಣಸಿದ್ದಯ್ಯ ಸೈಕಲ್ಲಿನ ಹತ್ತಿರ ಹೋಗಿ, ಹಿಂದಿನ ಚಕ್ರ ಎತ್ತಿ ತಿರುಗಿಸಿದರು. ಅದು ಒಂದು ಕೂದಲೆಳೆಯಷ್ಟೂ ಓಲಾಡಲಿಲ್ಲ. ಆಮೇಲೆ ಹೆಂಡತಿಯನ್ನು ನೋಡಿದರು. ಮೂವತ್ತು ವರ್ಷ ಜೊತೆಗಿದ್ದರೂ ಅವತ್ತೇ ಮೊದಲು ನೋಡಿದಂತೆ.

"ನಾನು ಬೇಡ ಅಂದಿದ್ದು ತಪ್ಪಾಯ್ತು ಕಣೇ," ಎಂದರು. "ಇನ್ಮೇಲೆ ಗಾಳಿ ಹೊಡೆಯೋ ಕೆಲಸ ನಂದು."

ಅಕ್ಕಂದಿರೇ, ಅಣ್ಣಂದಿರೇ, ವಯಸ್ಸಾಯಿತು, ಮೈ ಬಂತು ಎಂದು ಸೈಕಲ್ ಬಿಡಬೇಡಿ. ಎದೆನೋವು, ಉಬ್ಬಸ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗದೆ ಕಡ್ಡಿ ಎಣಿಸಿ, ರಿಮ್ಮು ಮುಟ್ಟಿ ನೋಡಿ. ನಿಮ್ಮ ತೂಕವನ್ನು ಧೈರ್ಯವಾಗಿ ಹೇಳಿ. ಎರಡು ಬ್ರೇಕೂ ಹಿಡಿಯುತ್ತವೆಯೇ ಎಂದು ಪರೀಕ್ಷಿಸಿ. ಹಳೆಯ ಸೈಕಲ್ ಇದ್ದರೆ ಈ ವಾರವೇ ಅದರ ಹಿಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸಿ. ನೇರ ತಿರುಗಿದರೆ ಹತ್ತಿ. ಓಲಾಡಿದರೆ ಬೆಂಡ್ ತೆಗೆಸಿ, ಆಮೇಲೆ ಹತ್ತಿ. ನಿಮ್ಮನ್ನು ಕಾಯುತ್ತಿರುವವರು ಯಾವುದೋ ಊರಿನಲ್ಲಿ ಇದ್ದೇ ಇರುತ್ತಾರೆ.