ಬಿಳಿ ಬಣ್ಣ ಬಳಿದರೆ ಆಂಬುಲೆನ್ಸಾ?

"ಎತ್ತಬೇಡಿ! ಕೆಳಗಿಡಿ!"

ನರ್ಸ್ ಮಹಾನಂದ ವ್ಯಾನಿನ ಹಿಂಬಾಗಿಲಿಗೆ ಅಡ್ಡ ನಿಂತಳು. ವಾರ್ಡ್ ಬಾಯ್‌ಗಳು ಎತ್ತಿದ್ದ ಸ್ಟ್ರೆಚರನ್ನು ನರ್ಸಿಂಗ್ ಹೋಮಿನ ಮೊಗಸಾಲೆಯಲ್ಲೇ ಇಳಿಸಿದರು. ಅದರ ಮೇಲೆ ಬದರೀನಾರಾಯಣ, ಮುಖಕ್ಕೆ ನರ್ಸಿಂಗ್ ಹೋಮಿನ ಆಕ್ಸಿಜನ್ ಮಾಸ್ಕ್. ಮೊನ್ನೆ ಹೃದಯಾಘಾತವಾಗಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ದಾರಿಯಲ್ಲಿ ಆಕ್ಸಿಜನ್ ತಪ್ಪಬಾರದು ಎಂದಿದ್ದರು ಡಾಕ್ಟರು.

"ದೊಡ್ಡ ಆಸ್ಪತ್ರೆಯ ಆಂಬುಲೆನ್ಸಿಗೆ ಫೋನ್ ಮಾಡಿದೀನಿ. ಅರ್ಧ ಗಂಟೇಲಿ ಬರುತ್ತೆ" ಎಂದಳು ಮಹಾನಂದ.

ಬದರೀನಾರಾಯಣರ ಹೆಂಡತಿ ಗಿರಿಜಾಂಬಾ ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಂಡವಳಲ್ಲ. ಅವಳಿಗೆ ಅನುಮಾನ ಬಂದದ್ದು ನರ್ಸಿನ ಮೇಲೆ.

"ಯಾಕ್ ಸಿಸ್ಟರ್, ಅವರು ನಿಮಗೆ ಕಮಿಷನ್ ಕೊಡ್ತಾರಾ?"

"ಕೊಟ್ಟಿದ್ರೆ ನಾನು ದಿನಾ ಬಸ್ಸಲ್ಲಿ ನೇತಾಡ್ಕೊಂಡು ಬರ್ತಿದ್ನಾ ಅಮ್ಮಾ?"

ವ್ಯಾನಿನವನು ರಾಘವ, ಬದರೀನಾರಾಯಣರ ತಂಗಿಯ ಮಗ. ಮದುವೆ ಛತ್ರಗಳಿಗೆ ಹೂವು ಸಾಗಿಸುತ್ತಿದ್ದ ಓಮ್ನಿಗೆ ಬಿಳಿ ಬಣ್ಣ ಬಳಿಸಿ, ಕೆಂಪು ಪ್ಲಸ್ಸಿನ ಜೊತೆ ಆಂಬುಲೆನ್ಸ್ ಎಂದು ಬರೆಸಿ, ಸೈರನ್ ಕೂರಿಸಿ, ನಿನ್ನೆಯಷ್ಟೇ ದೊಡ್ಡ ಗಣಪತಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ್ದ.

"ಆರ್‌ಸಿಯಲ್ಲಿ ಆಂಬುಲೆನ್ಸ್ ಅಂತ ಇದೆಯಾ?" ಮಹಾನಂದ ಅವನನ್ನು ಕೇಳಿದಳು.

"ಗಾಡಿ ಮೇಲೇ ಬರೆಸಿದೀನಲ್ಲ!"

"ನಿಮ್ಮ ಹತ್ರ ಟ್ರಾನ್ಸ್‌ಪೋರ್ಟ್ ಲೈಸೆನ್ಸ್?"

"ಕಾರಿಂದಿದೆ. ಇದಕ್ಕೂ ನಾಲ್ಕೇ ಚಕ್ರ ಅಲ್ವಾ?"

"ಸರಿ. ಹಿಂದೆ ರೋಗಿ ಪಕ್ಕ ಯಾರು ಕೂರ್ತಾರೆ? ತರಬೇತಿ ಆಗಿರೋರು?"

"ಅತ್ತೆ ಕೂರ್ತಾರೆ."

"ಉಸಿರಾಟ ನಿಂತ್ರೆ ಅತ್ತೆ ಏನ್ ಮಾಡ್ತಾರೆ?"

ಅತ್ತೆಗೂ ಗೊತ್ತಿರಲಿಲ್ಲ. ಅವಳ ಅನುಮಾನ ಈಗ ವ್ಯಾನಿನ ಕಡೆ ತಿರುಗಿತು. ಬಗ್ಗಿ ಒಳಗೆ ನೋಡಿದಳು. ಆಕ್ಸಿಜನ್ ಸಿಲಿಂಡರಿಗೂ ಪೂಜೆಯಾಗಿತ್ತು: ಕೊರಳಿಗೆ ಚೆಂಡುಹೂವಿನ ಹಾರ, ಮೀಟರಿನ ಗಾಜು ಮುಚ್ಚುವಷ್ಟು ಗಂಧ, ಕುಂಕುಮ.

"ಇದರಲ್ಲಿ ಎಷ್ಟಿದೆಯೋ ರಾಘು?"

"ಫುಲ್ ಇದೆ ಅತ್ತೆ. ಕೊಟ್ಟೋನೇ ಹೇಳ್ದ."

ಮಹಾನಂದ ಸಿಲಿಂಡರಿನ ವಾಲ್ವ್ ತಿರುಗಿಸಿ ತೆರೆದಳು. ಗಿರಿಜಾಂಬಾ ಸೆರಗಿನಿಂದ ಗಾಜು ಒರೆಸಿದಳು. ಮುಳ್ಳು ಸೊನ್ನೆಯ ಮೇಲಿತ್ತು. ಅಲುಗಲಿಲ್ಲ.

ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಇಂಥ ಬಿಳಿ ವ್ಯಾನೊಂದು ನಿಂತಿರಬಹುದು. ಕಾಯಿಲೆ ಬಿದ್ದ ಮೇಲಲ್ಲ, ಇವತ್ತೇ ಹೋಗಿ ಕೇಳಿ. ಆಂಬುಲೆನ್ಸ್ ಎಂದು ನೋಂದಣಿಯಾಗಿದೆಯೇ? ಫಿಟ್‌ನೆಸ್ ಸರ್ಟಿಫಿಕೇಟು, ಸರಿಯಾದ ಲೈಸೆನ್ಸು ಇವೆಯೇ? ರೋಗಿಯ ಜೊತೆ ಕೂರುವವರು ಕಲಿತವರೇ? ಸಿಲಿಂಡರ್ ತೆರೆಸಿ ಮುಳ್ಳು ನೋಡಿ. ನೆಂಟರ ಗಾಡಿ, ಹೇಗೆ ಕೇಳೋದು ಎಂದು ಸಂಕೋಚಪಡಬೇಡಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಮೇಲೆ ಇನ್ನಷ್ಟು ಅನುಮಾನ ಇರಲಿ.

ರಾಘವ ಬೆವರು ಒರೆಸಿಕೊಂಡ. "ಅತ್ತೆ, ನಿಮ್ಮ ಹತ್ರ ನಾನು ದುಡ್ಡು ತಗೋತೀನಾ? ಮಾವನ್ನ ಹತ್ತಿಸಿ. ದಾರೀಲಿ ಚಾಮರಾಜಪೇಟೇಲಿ ನಿಲ್ಲಿಸಿ ಸಿಲಿಂಡರ್ ತುಂಬಿಸ್ಕೊಂಡ್ರಾಯ್ತು."

"ಹತ್ತಿಸಲ್ಲ" ಎಂದಳು ಗಿರಿಜಾಂಬಾ. "ನಿನ್ನ ಗಾಡಿ ಬಾಗಿಲು ಹಾಕು."