ಎಡ್ನಾ ಇನ್ನೂ ತಿಂದಿಲ್ಲ

"ಮೆಲ್ಲಗೆ ಹಿಡ್ಕೊ. ದಾರಿಯುದ್ದಕ್ಕೂ ನನ್ನನ್ನ ಬೈಕೊಂಡೇ ಬಂದಿದೆ ಅದು," ಎಂದಳು ಕೊರಲೀ, ಶೂ ಪೆಟ್ಟಿಗೆಯನ್ನು ಅವನ ಕೈಗಿಟ್ಟು.

ಒಳಗೆ ಏನೋ ಅತ್ತಿಂದಿತ್ತ ಸರಿದಾಡಿತು. ರಟ್ಟಿನ ಮೂಲಕ ಅಂಗೈಗೆ ಬಿಸಿ ತಟ್ಟಿತು. ಕ್ಲೈವ್ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಕೈ ಒರೆಸಲು ಬಟ್ಟೆ ಹುಡುಕಿದ. ಒರೆಸಿಕೊಳ್ಳುವಂಥದ್ದೇನೂ ಇರಲಿಲ್ಲ.

"ಜೀವಂತ ಇಲಿಯಾ?"

"ಮತ್ತೇನು, ಚಾಕೊಲೇಟಾ? ಒಂಬತ್ತು ವಾರ ಆಯ್ತು ಮಾರಾಯ, ಎಡ್ನಾ ತಿಂದು! ಕ್ಲಬ್ಬಿನವರ ಕಿವಿಗೆ ಬಿದ್ರೆ ನನ್ನ ಮಾನ ಹೋಯ್ತು ಅಂತಲೇ."

ಹೋಗುವಂಥದ್ದೇ. ಬ್ಯಾಲರಾಟ್ ಊರಿನ ಹಾವು ಸಾಕುವವರ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಹೊಸಬರಿಗೆ ಪಾಠ ಹೇಳಿದವಳು ಅವಳು. ಬದುಕಿರುವುದನ್ನು ಹಾಕಬೇಡಿ, ಹೆದರಿದ ಇಲಿ ಹಾವನ್ನೇ ಕಚ್ಚುತ್ತದೆ. ಫ್ರೀಜರಿನದ್ದನ್ನು ಬಿಸಿನೀರಿನಲ್ಲಿಟ್ಟು, ಇಕ್ಕಳದಲ್ಲಿ ಹಿಡಿದು, ಜೀವವಿದೆಯೆನ್ನುವ ಹಾಗೆ ಕುಣಿಸಿ. ಗಂಡ ಕ್ಲೈವ್‌ಗೂ ಅವಳೇ ಕಲಿಸಿದ್ದು, ಫೆಬ್ರವರಿಯಲ್ಲಿ ಜೀಲಾಂಗಿನ ತಂಗಿಯ ಮನೆಗೆ ಹೊರಟು ನಿಂತಾಗ. ಅಲ್ಲಿ ಎಡ್ನಾಳಂಥ ಏಳಡಿ ಹೆಬ್ಬಾವಿಗೆ ಜಾಗವಿರಲಿಲ್ಲ. ಗಂಡನಿಗೆ ಜಾಗವಿತ್ತೋ ಇಲ್ಲವೋ, ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎಡ್ನಾ ತಿನ್ನುತ್ತಿದ್ದಾಗ ಕೊರಲೀಯ ಫೋನು ತಿಂಗಳಿಗೊಂದು. ಚಳಿಗಾಲ ಹಿಡಿದು ಎಡ್ನಾ ತಿನ್ನುವುದನ್ನು ನಿಲ್ಲಿಸಿದ ಮೇಲೆ ದಿನಕ್ಕೊಂದು. ಮೊದಲು ಹಾವಿನ ಮಾತು, ಆಮೇಲೆ ಹವೆ, ಆಮೇಲೆ ಅವನು ಉಂಡನೋ ಇಲ್ಲವೋ. ಇಪ್ಪತ್ತಾರು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದ ಕ್ಲೈವ್ ಟ್ರೆಗಿಯರ್‌ಗೆ ಯಾವುದರಿಂದ ಯಾವುದಾಯಿತು ಎಂಬುದು ತಿಳಿಯದ ವಿಷಯವೇನಲ್ಲ.

ಕಳೆದ ಮಂಗಳವಾರ ಸಂಜೆ ಅವನು ಕುಣಿಸಿದ ಸತ್ತ ಇಲಿಯನ್ನು ಎಡ್ನಾ ಚಂಗನೆ ಎರಗಿ ಹಿಡಿದಳು, ಸುತ್ತಿದಳು, ನುಂಗಿದಳು. ಖಾಲಿ ಮನೆಯಲ್ಲಿ ಕ್ಲೈವ್ ಒಬ್ಬನೇ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಫೋನು ಬಂತು.

"ತಿಂದ್ಲಾ?"

"ಇಲ್ಲ," ಎಂದುಬಿಟ್ಟ.

ಈಗ ಆ 'ಇಲ್ಲ' ಪೆಟ್ಟಿಗೆಯೊಳಗೆ ಕೂತು ರಟ್ಟು ಕೆರೆಯುತ್ತಿತ್ತು.

"ಇವತ್ತೇ ಆಗ್ಬೇಕಾ? ಇನ್ನೊಂದು ವಾರ ನೋಡಬಹುದಿತ್ತು."

"ನೀನು ಎಲ್ಲಕ್ಕೂ ಇನ್ನೊಂದು ವಾರ ಅಂತೀಯ."

"ಟೀ ಮಾಡ್ಲಾ?"

"ಅಲ್ಲಿ ಇಲಿಗೆ ಜೀವ ಹೋಗ್ತಿದೆ, ಇವನಿಗೆ ಟೀ!"

ಅವಳು ಆಗಲೇ ಮುಂಗೋಣೆಗೆ ಹೋಗಿ ಗಾಜಿನ ಗೂಡಿನ ಮುಂದೆ ಮಂಡಿಯೂರಿದ್ದಳು. ದೀಪದ ಬಿಸಿಯಲ್ಲಿ ಎಡ್ನಾ ಸುರುಳಿಯಾಗಿ ಮಲಗಿದ್ದಳು. ಹೊಟ್ಟೆ ತುಂಬಿದ ಹಾವು ಇಲಿಗೆ ಬಾಯಿ ಹಾಕದು. ಇಲಿ ಮಾತ್ರ ಸುಮ್ಮನಿರದು. ಇಲಿಯ ಹಲ್ಲಿಗೆ ಸಿಕ್ಕಿ ಬೆನ್ನೆಲುಬು ಕಾಣುತ್ತಿದ್ದ ಹಾವಿನ ಚಿತ್ರವೊಂದನ್ನು ಕೊರಲೀ ಕ್ಲಬ್ಬಿನಲ್ಲಿ ತೋರಿಸುತ್ತಿದ್ದಳು.

ಹೇಳಿಬಿಡಬೇಕು. ಹೇಳಿದರೆ ಅವಳು ನಕ್ಕು, "ಸರಿ ಬಿಡು" ಎಂದು ಕಾರು ಹತ್ತುತ್ತಾಳೆ. ಮತ್ತೆ ತಿಂಗಳಿಗೊಂದು ಫೋನು. ಹೇಳದಿದ್ದರೆ ಎಡ್ನಾಳ ಬೆನ್ನು.

"ಕೊರಲೀ."

"ಹೂಂ?"

"ಏನಿಲ್ಲ. ಇಲಿ ಬಿಡೋದಕ್ಕೆ ಮುಂಚೆ... ಒಂದ್ಸಲ ಎತ್ಕೊಂಡು ನೋಡು."

ಅವಳು ಗಾಜು ಸರಿಸಿ ಎಡ್ನಾಳನ್ನು ತೊಡೆಗೆ ಎಳೆದುಕೊಂಡಳು. "ಏನೇ ಹುಡುಗಿ, ನಮ್ಮ ಸೋದರತ್ತೆ ಹೆಸರಿಟ್ಕೊಂಡು ಉಪವಾಸವಾ? ಸಾವಿನ ಮನೇಲೂ ಎರಡೆರಡು ಸಲ ಬಡಿಸ್ಕೊಂಡವಳು ಕಣೇ ಅವಳು."

ಬೆರಳುಗಳು ಹಾವಿನ ಹೊಟ್ಟೆಯುದ್ದಕ್ಕೂ ಸಾಗಿದವು. ನಡುವಿಗಿಂತ ತುಸು ಕೆಳಗೆ ತಡೆದವು. ಹಿಂದಕ್ಕೆ ಬಂದು, ಮತ್ತೆ ಅಲ್ಲೇ ನಿಂತವು.

ಕ್ಲೈವ್ ಕಿಟಕಿಯಾಚೆ ನೋಡಿದ. ಎದುರುಮನೆಯವನು ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಿದ್ದ. ಅಷ್ಟೊಂದು ಗಮನವಿಟ್ಟು ನೋಡುವಂಥದ್ದೇನಲ್ಲ.

ಕೊರಲೀ ಹಾವನ್ನು, ಒಳಗಿದ್ದದ್ದು ಕದಲದ ಹಾಗೆ ಎರಡೂ ಕೈಯಲ್ಲಿ ಆನಿಸಿ, ದೀಪದಡಿಗೆ ಇಳಿಸಿದಳು.

"ಇವತ್ತು ಬೇಡ. ಅವಳಿಗೆ ಮನಸ್ಸಿಲ್ಲ."

"ಇಲ್ವಾ?"

"ಇಲ್ಲ. ಮುಂದಿನ ಶನಿವಾರ ಬರ್ತೀನಿ. ನೋಡೋಣ."

"ಇಲಿ?"

"ಇಲ್ಲೇ ಇರ್ಲಿ. ಒಂದಿಷ್ಟು ಓಟ್ಸು ಹಾಕು, ನೀರಿಡು. ತಂಗಿ ಮನೇಲಿ ಬೆಕ್ಕಿದೆ." ಬಾಗಿಲಲ್ಲಿ ನಿಂತು ಅವನ ಕಾಲರಿಗೆ ಅಂಟಿದ್ದ ದಾರದೆಳೆಯನ್ನು ತೆಗೆದಳು. "ಅಷ್ಟರೊಳಗೆ ಅವಳೇನಾದ್ರೂ ತಿಂದ್ರೆ..."

"ಫೋನ್ ಮಾಡ್ತೀನಿ."

"ಬೇಡ," ಎಂದಳು. "ನಾನೇ ಮಾಡ್ತೀನಿ."

ಕಾರು ತಿರುವಿನಲ್ಲಿ ಮರೆಯಾಯಿತು. ಕ್ಲೈವ್ ಒಳಗೆ ಬಂದು, ಚಳಿಯಾದೀತೆಂದು ಪೆಟ್ಟಿಗೆಯನ್ನು ಗಾಜಿನ ಗೂಡಿಗೆ ಒತ್ತಿಟ್ಟು ತೆರೆದ. ಬಿಳಿ ಇಲಿ ಹಿಂಗಾಲ ಮೇಲೆ ನಿಂತು, ಪೆಟ್ಟಿಗೆಯಂಚಿನ ಮೇಲಿಂದ ನಸುಗೆಂಪು ಪುಟ್ಟ ಅಂಗೈಗಳನ್ನು ಗಾಜಿಗೆ ಊರಿತು. ಆಚೆಯಿಂದ ಎಡ್ನಾ ತಲೆಯೆತ್ತಿ, ಸಾವಕಾಶ ಹರಿದು ಬಂದು, ಸರಿಯಾಗಿ ಅಲ್ಲಿಗೇ ಮೂತಿ ತಂದು ನಿಲ್ಲಿಸಿದಳು. ಎರಡೂ ಅಲ್ಲಾಡಲಿಲ್ಲ. ಗಾಜಿನ ಮೇಲೆ ಕಾಸಿನಗಲ ಉಸಿರಿನ ಮಂಜು ಮೂಡಿತು, ಅಳಿಯಿತು, ಮತ್ತೆ ಮೂಡಿತು, ಇಲಿಯ ಬದಿಯಲ್ಲಿ ಮಾತ್ರ.