ಎಡಗೈಯ ಪಟ್ಟು

ಪುಸ್ತಕ ಓದಿ ಕುಸ್ತಿ ಕಲಿತೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಅರ್ಜುನಪ್ಪ, ಗಜೇಂದ್ರಗಡದ ಗರಡಿ ಮನೆಯ ವಸ್ತಾದ. ನಲವತ್ತು ವರ್ಷದಿಂದ ಹುಡುಗರಿಗೆ ಪಟ್ಟು ಕಲಿಸುತ್ತಿದ್ದೇನೆ. ಇಲ್ಲಿ ಹೊಸಬರು ಬಂದರೆ ಮೊದಲು ಕೈಗೆ ಗುದ್ದಲಿ ಕೊಡುತ್ತೇನೆ. ಕಣದ ಮಣ್ಣು ಅಗೆದು ಹದ ಮಾಡಿದ ಮೇಲೆಯೇ ಉಳಿದದ್ದು.

ಹೀಗಿರುವಾಗ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ರಾಜೂರಿನಿಂದ ತಾಯಿ ಮಗಳು ಬಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ತಾಯಿ ರೇಣುಕವ್ವ, ಹೊಲದಲ್ಲಿ ದುಡಿದ ಗಟ್ಟಿ ಮೈ. ಮಗಳು ಮಹೇಶ್ವರಿ ಹತ್ತನೇ ತರಗತಿಯವಳು, ಎದೆಗೆ ಪಂಚಾಯ್ತಿ ಲೈಬ್ರರಿಯ ಹಳೆಯ ಪುಸ್ತಕವೊಂದನ್ನು ಅವಚಿಕೊಂಡಿದ್ದಳು.

“ಕುಸ್ತಿ ಕಲೀತೇನಂತಾಳ್ರಿ,” ಅಂದಳು ತಾಯಿ.

“ಹೆಣ್ಣಮಕ್ಕಳು ಈ ಮಣ್ಣು ತುಳದಿಲ್ಲವ್ವಾ. ಮೊಬೈಲ್‌ನ್ಯಾಗ ನೋಡಿ ಹುಚ್ಚು ಹಿಡದೈತೇನು?”

“ಇಲ್ರಿ ವಸ್ತಾದ್ರ, ಇದರಾಗ ಓದೀನ್ರಿ,” ಅಂದಳು ಮಹೇಶ್ವರಿ. “ಕೆಡವಿದವ್ರು ಬಿದ್ದವ್ರನ್ನ ಕೈ ಹಿಡದು ಎಬ್ಬಸಬೇಕಂತ ಬರದಾರ್ರಿ. ನಾ ಎಲ್ಲಿ ನೋಡಿದ್ರೂ ಬಿದ್ದವ್ರನ್ನ ನೋಡಿ ನಗೂದ ನೋಡೀನ್ರಿ. ಇಂಥಾ ಆಟಾನೂ ಐತೇನು ಅಂತ ಆವತ್ತ ಊಟಾನ ಸೇರಲಿಲ್ರಿ.”

ಆ ಮಾತು ನನ್ನನ್ನು ತಟ್ಟಿತು. ಆದರೆ ನಾನೇನು ಅಷ್ಟು ಬೇಗ ಸೋಲುವವನೇ?

“ಹಂಗಾರ ನಾ ಕಣದಾಗ ನಿಂದರ್ತೇನಿ. ನನ್ನ ಕಾಲು ಕದಲಿಸಿದ್ರ ನಾಳಿಂದ ಬಾ. ಇಲ್ಲಾಂದ್ರ ಮತ್ತ ಈ ಕಡೆ ಹಣಿಕಿ ಹಾಕಬ್ಯಾಡ.”

ಅವಳು ಕಣಕ್ಕಿಳಿದು, ಬಗ್ಗಿ, ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡಳು. ಅದೂ ಎಡಗೈಯಿಂದ! ನನಗೆ ಪಿತ್ತ ನೆತ್ತಿಗೇರಿತು. ಗರಡಿಯ ಮಣ್ಣನ್ನು ಯಾರಾದರೂ ಎಡಗೈಯಿಂದ ಮುಟ್ಟುತ್ತಾರೆಯೇ? ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ನುಗ್ಗಿಬಂದಳು.

ನನ್ನ ಹುಡುಗರೆಲ್ಲ ಬಲಗೈ ಚಾಚಿ ನನ್ನ ಎಡಗಾಲಿಗೆ ಬರುತ್ತಾರೆ. ಅದಕ್ಕೇ ನಾನು ಎಡಗಾಲು ಊರಿ ನಿಂತಿದ್ದೆ. ಇವಳು ಎಡಗೈಯಿಂದ ಬಲಗಾಲಿನ ಮೊಣಕಾಲ ಹಿಂದೆ ಹಿಡಿದು, ಭುಜ ಕೊಟ್ಟು ಒತ್ತಿದಳು. ನನಗೆ ಸೂರಿನ ಜಂತಿಗಳು ಕಂಡವು. ಅರವತ್ತೆರಡು ವರ್ಷದ ವಸ್ತಾದ ಅಂಗಾತ ಬಿದ್ದಿದ್ದೆ.

ಯಾರೂ ನಗಲಿಲ್ಲ. ನನ್ನ ಮುಖದೆದುರು ಒಂದು ಕೈ ಚಾಚಿತು. ಅದೂ ಎಡಗೈಯೇ. ಹಿಡಿದುಕೊಂಡು ಎದ್ದೆ.

“ಎಡಚಿ ಏನು ನೀನು?”

“ಇಲ್ರಿ. ಉಣ್ಣೂದು, ಬರಿಯೂದು ಎಲ್ಲಾ ಬಲಗೈಲೇರಿ.”

ಪುಸ್ತಕ ತೆರೆದು ತೋರಿಸಿದಳು. ಚಿತ್ರದ ಪೈಲ್ವಾನ ಓದುವವರ ಕಡೆಗೆ ಮುಖ ಮಾಡಿ ನಿಂತಿದ್ದ. ಪುಸ್ತಕವನ್ನು ಜೋಳದ ಚೀಲಕ್ಕೆ ಆನಿಸಿ, ಅವನೆದುರು ನಿಂತು ಕಲಿತಿದ್ದಾಳೆ. ಕನ್ನಡಿಯಲ್ಲಿ ನೋಡಿದಂತೆ ಅವನ ಬಲಗೈ ಇವಳಿಗೆ ಎಡಗೈ ಆಗಿದೆ. ಮಣ್ಣು ಹಚ್ಚಿಕೊಳ್ಳುವುದರಿಂದ ಹಿಡಿದು ಬಿದ್ದವನನ್ನು ಎಬ್ಬಿಸುವವರೆಗೆ, ಇಡೀ ಪುಸ್ತಕವೇ ತಿರುವುಮುರುವು! ಬೆರಗಾಗಿ ನಾನು ಹಾಳೆ ತಿರುವುತ್ತಲೇ ಇದ್ದೆ.

“ಯಾರ ಜೋಡಿ ಮಾಡಿದಿ ಇದನ್ನೆಲ್ಲಾ?”

“ಅವ್ವನ ಜೋಡಿರಿ. ಆಕಿಗೆ ಓದಾಕ ಬರಂಗಿಲ್ಲ. ನಾ ಓದತಿದ್ನಿ, ಆಕಿ ಬೀಳತಿದ್ಲು.”

ರೇಣುಕವ್ವ ಹೊಸ್ತಿಲ ಆಚೆಯೇ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಮೊದಲ ಬೀಳತಿದ್ನಿರಿ. ಈಗ ಬಿಡಸ್ಕೊಂತೇನ್ರಿ.”

“ಈ ಪಟ್ಟು? ಹ್ಯಾಂಗ?”

ಆಕೆ ಒಳಗೆ ಕಾಲಿಡಲಿಲ್ಲ. ನಾನೇ ಕರೆಯಬೇಕಾಗಿತ್ತು. “ಬರ್ರಿ,” ಅಂದೆ. ನಲವತ್ತು ವರ್ಷದಲ್ಲಿ ಒಬ್ಬ ಹೆಣ್ಣುಮಗಳಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ರೇಣುಕವ್ವ ಕಚ್ಚೆ ಬಿಗಿದು, ತಾನೂ ಎಡಗೈಯಿಂದಲೇ ಮಣ್ಣು ಹಚ್ಚಿಕೊಂಡಳು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಮಗಳು ನುಗ್ಗಿ ಕಾಲು ಹಿಡಿದಳು. ತಾಯಿ ಸೊಂಟ ಹೊರಳಿಸಿ, ಒಂದು ಹೆಜ್ಜೆ ಬದಿಗಿಟ್ಟು, ಹೊಲದ ಕಳೆ ಕಿತ್ತಂತೆ ಅವಳನ್ನು ಎತ್ತಿ ಮಲಗಿಸಿದಳು. ಆಮೇಲೆ ಕೈಹಿಡಿದು ಎಬ್ಬಿಸಿದಳು.

ನಿಜ ಹೇಳುತ್ತೇನೆ, ಹಾಗೆ ಬಿಡಿಸಿಕೊಳ್ಳುವ ಪಟ್ಟು ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹುಡುಕಿದೆ, ಅಲ್ಲಿಯೂ ಇರಲಿಲ್ಲ. ಬಿದ್ದು ಬಿದ್ದು ಆಕೆಯೇ ಕಂಡುಕೊಂಡದ್ದು ಅದು.

ಮೂಲೆಗೆ ಹೋಗಿ ಗುದ್ದಲಿ ತಂದೆ. ಎರಡು ತಂದೆ. ಒಂದನ್ನು ಮಹೇಶ್ವರಿಗೆ ಕೊಟ್ಟೆ.

ಇನ್ನೊಂದಕ್ಕೆ ರೇಣುಕವ್ವ ಕೈ ಚಾಚಿದಳು. “ನನಗೂ ಕಲಸ್ತೀರೇನ್ರಿ ವಸ್ತಾದ್ರ?”

ನಾನು ಕೊಡಲಿಲ್ಲ. ಕಣಕ್ಕಿಳಿದು ನಾನೇ ಅಗೆಯತೊಡಗಿದೆ.

“ಇದು ನಂದವ್ವಾ,” ಅಂದೆ. “ಆ ಬಿಡಸ್ಕೊಳ್ಳೂದು ನನಗ ನೀವು ಕಲಸ್ರಿ.”